ನಿಮಗಿದು ಗೊತ್ತೆ? ತಿಪ್ಪೆ ಕಾಣದ ಮರಿಗೆ ಪುಡಿಯೇ ತಾಯಿ

ಲಕ್ಷ್ಮೇಶ್ವರದ ಬಳಿಯ ಅಡರಕಟ್ಟಿಯಂಥ ಊರಲ್ಲಿ ಜವಾರಿ ಕೋಳಿ ಮರಿಗಳನ್ನು ಬೆನ್ನಿಗೆ ಕಟ್ಟಿಕೊಂಡು ತಿಪ್ಪೆ ಕೆದರುವುದನ್ನು ಯಾರು ನೋಡಿಲ್ಲ? ಕಾಳು, ಹುಳುವಿನ ಜತೆಗೆ ತಾಯಿಯ ಹೊಟ್ಟೆಯ ಸೂಕ್ಷ್ಮಾಣುಗಳೂ ಆಗಲೇ ಮರಿಗೆ ದಾಟುತ್ತವೆ. ಬ್ರಾಯ್ಲರ್ ಮರಿಗೆ ಆ ಭಾಗ್ಯವಿಲ್ಲ. ಯಂತ್ರದಲ್ಲಿ ತತ್ತಿ ಒಡೆದು ಬರುವ, ಸುಮಾರು 40 ಗ್ರಾಂ ತೂಗುವ ಅದು ತಾಯಿಯ ಮುಖವನ್ನೇ ಕಾಣದು. ಅದರ ಕರುಳು ಹೆಚ್ಚುಕಡಿಮೆ ಖಾಲಿ ಸೈಟು. ಮೊದಲು ಬಂದವರು ಮನೆ ಕಟ್ಟುತ್ತಾರೆ, ರೋಗ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬಂದರೆ ಅದೂ.

1973ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳಾದ ನುರ್ಮಿ ಮತ್ತು ರಂಟಾಲಾ, ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ಸಾರವನ್ನು ಎಳೆಮರಿಗಳಿಗೆ ಕೊಟ್ಟರು. ಅವು ಸಾಲ್ಮೊನೆಲ್ಲಾವನ್ನು ತಡೆದುಕೊಂಡವು. ಕೇಳಲು ಹೇಸಿಗೆ, ಆದರೆ ತಿಪ್ಪೆ ಮಾಡುತ್ತಿದ್ದುದೂ ಅದನ್ನೇ! ಒಳ್ಳೆಯ ಬ್ಯಾಕ್ಟೀರಿಯಾಗಳಿರುವ ಇಂದಿನ ಪ್ರೊಬಯಾಟಿಕ್ ಪುಡಿ ಆ ಉಪಾಯದ ಶುಚಿಯಾದ ರೂಪ. ಮೊಸರಿನ ಬಂಧು ಲ್ಯಾಕ್ಟೋಬ್ಯಾಸಿಲಸ್ ಕರುಳನ್ನು ಹುಳಿಯಾಗಿಸಿ ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಜಾಗ ಬಿಡುವುದಿಲ್ಲ. ಕರುಳಗೋಡೆಯ ರೋಗನಿರೋಧಕ ಕೋಶಗಳನ್ನೂ ಎಚ್ಚರಿಸುತ್ತದೆ. ಆದರೆ ಪೆಲೆಟ್ ಆಹಾರ ತಯಾರಿಸುವಾಗಿನ ಬಿಸಿಗೆ ಅದು ಸುಲಭವಾಗಿ ಸಾಯುತ್ತದೆ. ಇಂಥ ಪುಡಿಗಳಲ್ಲಿರುವ ಇನ್ನೊಂದು ಬ್ಯಾಕ್ಟೀರಿಯಾ ಬ್ಯಾಸಿಲಸ್ ಸಬ್ಟಿಲಿಸ್ ಜಾಣ. ಬೀಜಕದ ಚಿಪ್ಪಿನೊಳಗೆ ಮುದುಡಿ ಬದುಕಿಕೊಳ್ಳುತ್ತದೆ.

ಕ್ಲೋರಿನ್ ಹಾಕಿದ ನೀರಿಗೇ ಪುಡಿ ಕದಡಿದರೆ ದುಡ್ಡು ನೀರಿಗೆ ಹೋದಂತೆ. ಜತೆಗೇ ಆಂಟಿಬಯಾಟಿಕ್ ಕೊಟ್ಟರೂ ಅಷ್ಟೆ. ತೂಕ ಹೆಚ್ಚುತ್ತದೆಯೇ? ಫಲ ಶೆಡ್‌ಗೊಂದು ತೆರ. ಡಬ್ಬಿಯ ಮೇಲಿನ ಮಾತನ್ನೆಲ್ಲ ನಂಬಬೇಕಿಲ್ಲ. ಬೆಳವಣಿಗೆಗೆಂದು ಆಂಟಿಬಯಾಟಿಕ್ ತಿನ್ನಿಸುವುದನ್ನು ಯುರೋಪ್ ಒಕ್ಕೂಟ 2006ರ ಜನವರಿಯಿಂದ ನಿಲ್ಲಿಸಿದ ಮೇಲೆ ಇಂಥ ಪುಡಿಗಳಿಗೆ ಬೇಡಿಕೆ ಕುದುರಿತು. ಭಾರತವೂ 2019ರಲ್ಲಿ ಕೋಳಿ ಸಾಕಣೆಯಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಬಳಕೆಯನ್ನು ನಿಷೇಧಿಸಿತು.