ಬೆಟ್ಟ ಹತ್ತುವ ಮಾತು, ಬಸ್ಸು ಹತ್ತುವ ಮಾತು

ಪಳನಿಯ ದಂಡಾಯುಧಪಾಣಿಯ ದರ್ಶನಕ್ಕೆ ಬಂದವರು 693 ಮೆಟ್ಟಿಲುಗಳನ್ನು ಹತ್ತುತ್ತಾರೆ. ಮಂಡಿನೋವಿನ ಹಿರಿಯರು ಹಳಿಯ ಮೇಲೆ ಸಾಗುವ ವಿಂಚನ್ನು ಹತ್ತುತ್ತಾರೆ. ದರ್ಶನ ಮುಗಿಸಿ, ಪಂಚಾಮೃತದ ಡಬ್ಬಿ ಹಿಡಿದು ಕೆಳಗೆ ಬಂದವರು ದಿಂಡಿಗಲ್ಲಿನ ಬಸ್ಸು ಹತ್ತುತ್ತಾರೆ. ಕೆಲಸಗಳು ಮೂರು, ಕನ್ನಡದ ಕ್ರಿಯಾಪದ ಒಂದೇ. ತಮಿಳು ಸಹ ‘ಏರು’ ಎಂಬ ಒಂದೇ ಪದದಿಂದ ಈ ಮೂರನ್ನೂ ನಡೆಸುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಮೆಟ್ಟಿಲಿಗೆ ‘ಕ್ಲೈಂಬ್’ ಅಥವಾ ‘ಗೋ ಅಪ್’, ಬಸ್ಸಿಗೆ ‘ಗೆಟ್ ಆನ್’, ಕಾರಿಗೆ ‘ಗೆಟ್ ಇನ್’. ಇಳಿಯುವಾಗ ಬಸ್ಸಿನಿಂದ ‘ಗೆಟ್ ಆಫ್’, ಕಾರಿನಿಂದ ‘ಗೆಟ್ ಔಟ್’, ಬೆಟ್ಟದಿಂದ ‘ಕಮ್ ಡೌನ್’. ಫ್ರೆಂಚ್ ಭಾಷೆಗೆ ಬಂದರೆ ಮತ್ತೆ ನಮ್ಮ ದಾರಿಯೇ. ಬೆಟ್ಟವಾಗಲಿ, ಬಸ್ಸಾಗಲಿ, ಕಾರಾಗಲಿ, ಹತ್ತುವುದಕ್ಕೆ ‘ಮೋಂತೆ’, ಇಳಿಯುವುದಕ್ಕೆ ‘ದೆಸಾಂದ್ರ್’. (ಫ್ರೆಂಚಿನ ಮೂಗಿನ ಸ್ವರಗಳು ನಮ್ಮ ಲಿಪಿಗೆ ಪೂರ್ತಿ ಒಗ್ಗುವುದಿಲ್ಲ; ಇಲ್ಲಿ ಬರೆದಿರುವುದು ಹತ್ತಿರದ ಉಚ್ಚಾರಣೆ.)

ಪಳನಿಯ ಸೀಮೆಯಲ್ಲಿ ಫ್ರೆಂಚಿನ ಮಾತೇಕೆ ಎಂದು ಕೇಳಬಹುದು. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆಯ ಕಾನೂನು ಹತ್ತನೆಯ ತರಗತಿಯವರೆಗೆ ತಮಿಳನ್ನು ಕಡ್ಡಾಯಗೊಳಿಸಿತು. ಹನ್ನೊಂದನೆಯ ತರಗತಿಗೆ ಬಂದಾಗ ಭಾಷಾ ಪತ್ರಿಕೆಯಲ್ಲಿ ಆಯ್ಕೆಯ ಬಾಗಿಲು ತೆರೆಯುತ್ತದೆ. ಆಗ ಅಂಕಗಳ ಆಸೆಯಿಂದ ಫ್ರೆಂಚನ್ನು ಹಿಡಿಯುವ ಮಕ್ಕಳು ಬಹಳ ಮಂದಿ. ಕೇರಳದ ಹೈಯರ್ ಸೆಕೆಂಡರಿಯಲ್ಲಿಯೂ ಎರಡನೆಯ ಭಾಷೆಯ ಪಟ್ಟಿಯಲ್ಲಿ ಕನ್ನಡವೂ ಇದೆ, ಫ್ರೆಂಚೂ ಇದೆ. ಆದ್ದರಿಂದ ಕಾಸರಗೋಡಿನ ಮನೆಗಳಿಗೂ ಈ ಪ್ರಶ್ನೆ ಹೊಸದಲ್ಲ. ಇನ್ನು ಫ್ರೆಂಚ್ ಎಂಬುದು ತಮಿಳುನಾಡಿನ ನೆರೆಹೊರೆಗೆ ತೀರ ಪರಕೀಯವೂ ಅಲ್ಲ. ಪಾಂಡಿಚೇರಿ ಮತ್ತು ಕಾರೈಕಾಲ್‌ಗಳ ಆಡಳಿತ ಫ್ರೆಂಚರ ಕೈಯಿಂದ ಭಾರತಕ್ಕೆ ಬಂದದ್ದು 1954ರಲ್ಲಿ. ಮುಸೆ ಮತ್ತು ದ್ಯುಪ್ವಿ ಎಂಬ ಪಾದ್ರಿಗಳು ಸಿದ್ಧಪಡಿಸಿದ ತಮಿಳು–ಫ್ರೆಂಚ್ ನಿಘಂಟಿನ ಮೊದಲ ಸಂಪುಟ 1855ರಲ್ಲಿಯೇ ಪಾಂಡಿಚೇರಿಯಲ್ಲಿ ಅಚ್ಚಾಗಿತ್ತು.

ತೇಣಿ, ಕಂಬಂ ಕಣಿವೆ, ದಿಂಡಿಗಲ್ ಭಾಗಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಒಕ್ಕಲು ಕುಟುಂಬಗಳು ತಲೆಮಾರುಗಳಿಂದ ಇವೆ. 1909ರಲ್ಲಿ ಪ್ರಕಟವಾದ ಥರ್ಸ್ಟನ್‌ನ ಗ್ರಂಥವು ಮಧುರೆ ಸೀಮೆಯ ಕಪ್ಪಿಲಿಯರನ್ನೂ ಅನುಪ್ಪರನ್ನೂ ಕನ್ನಡ ಮಾತನಾಡುವ ಬೇಸಾಯಗಾರರೆಂದು ದಾಖಲಿಸಿದೆ. ತಾಳವಾಡಿ, ಹೊಸೂರು ಕಡೆಯ ಮಕ್ಕಳಿಗಿರುವ ಕನ್ನಡ ಮಾಧ್ಯಮದ ಅನುಕೂಲ ಈ ಮನೆಗಳ ಮಕ್ಕಳಿಗೆ ಸಾಮಾನ್ಯವಾಗಿ ದೊರೆತಿಲ್ಲ. ಅವರಿಗೆ ಕನ್ನಡ ಆಡುವ ಮಾತು. ಓದುವ ಅಕ್ಷರ ತಮಿಳು. ಪರೀಕ್ಷೆಯ ಚಿಂತೆ ಇಂಗ್ಲಿಷಿನದು. ಇವುಗಳ ಮೇಲೆ ಫ್ರೆಂಚ್ ಬಂದು ಕೂತಾಗ, ಮನೆಯ ಕನ್ನಡದಿಂದ ಓದಿಗೆ ಪ್ರಯೋಜನವೇನು ಎಂಬ ಮಾತು ತಂದೆತಾಯಿಗಳ ಬಾಯಲ್ಲಿ ಬರುವುದು ಸಹಜ. ಪ್ರಯೋಜನ ಇದೆ. ಅದು ಎಲ್ಲಿದೆ ಎಂಬುದನ್ನು ಇಂಗ್ಲಿಷಿನ ಈ ಪುಟ್ಟ ಜೋಡಿಪದಗಳೇ ಚೆನ್ನಾಗಿ ತೋರಿಸುತ್ತವೆ.

ಶಾಲೆಯ ಫ್ರೆಂಚ್ ಪಾಠ ಬಹುತೇಕ ಇಂಗ್ಲಿಷಿನ ಮೂಲಕ ನಡೆಯುತ್ತದೆ. ‘ಗೆಟ್ ಆನ್’ ಎಂಬುದನ್ನು ಕಂಡ ವಿದ್ಯಾರ್ಥಿ ಮೊದಲು ‘ಗೆಟ್’ಗೆ ಫ್ರೆಂಚ್ ಪದ ಹುಡುಕುತ್ತಾನೆ, ಆಮೇಲೆ ‘ಆನ್’ಗೆ ಹುಡುಕುತ್ತಾನೆ, ಎರಡನ್ನೂ ಜೋಡಿಸುತ್ತಾನೆ. ಹುಟ್ಟುವ ವಾಕ್ಯ ಯಾವ ಫ್ರೆಂಚ್ ಮನುಷ್ಯನಿಗೂ ಅರ್ಥವಾಗದು. ಅದೇ ವಿದ್ಯಾರ್ಥಿ ಒಂದು ಕ್ಷಣ ನಿಂತು, ಕಂಬಂನಿಂದ ಏಲಕ್ಕಿ ತೋಟದ ಕೆಲಸಕ್ಕೆ ಹೋಗುವವರು ಬೆಳಗ್ಗೆ ಏನು ಮಾಡುತ್ತಾರೆ ಎಂದು ಮನೆಯ ಮಾತಿನಲ್ಲಿ ಕೇಳಿಕೊಂಡರೆ ‘ಜೀಪು ಹತ್ತುತ್ತಾರೆ’ ಎಂಬ ಉತ್ತರ ತಾನಾಗಿ ಬರುತ್ತದೆ. ಅಲ್ಲಿಂದ ‘ಮೋಂತೆ’ಗೆ ಒಂದೇ ಹೆಜ್ಜೆ. ಇಳಿಯುವಾಗಂತೂ ವಿಭಕ್ತಿಯೂ ಹೊಂದುತ್ತದೆ: ನಮ್ಮ ‘ಬಸ್ಸಿನಿಂದ’ ಎಂಬಲ್ಲಿಯ ‘ಇಂದ’ದ ಕೆಲಸವನ್ನು ಫ್ರೆಂಚಿನ ‘ದ’ ಮಾಡುತ್ತದೆ.

ಇನ್ನೊಂದು ಹೊಂದಾಣಿಕೆ ಮತ್ತೂ ಸೊಗಸಾದದ್ದು. ಯಾತ್ರಿಕರು ಪಳನಿಯ ವಸತಿಗೃಹವೊಂದರಲ್ಲಿ ತಂಗಿದರೆ ‘ಅಲ್ಲಿ ಇಳಿದುಕೊಂಡರು’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಪುಟ್ ಅಪ್’ ಎಂಬ ಜೋಡಿಪದವಿದೆ. ಅದನ್ನು ಪದಪದವಾಗಿ ಬಿಡಿಸಿದರೆ ಮೇಲಕ್ಕೆ ಇಟ್ಟಂತಾಗುತ್ತದೆ. ಫ್ರೆಂಚರು ಹೋಟೆಲಿನಲ್ಲಿ ತಂಗುವುದಕ್ಕೂ ‘ದೆಸಾಂದ್ರ್’ ಎಂದೇ ಹೇಳುತ್ತಾರೆ, ಅಂದರೆ ಇಳಿಯುತ್ತಾರೆ. ಕುದುರೆಯಿಂದಲೋ ಗಾಡಿಯಿಂದಲೋ ಇಳಿದ ಪ್ರಯಾಣಿಕನ ಚಿತ್ರ ಎರಡು ದೂರದ ಭಾಷೆಗಳಲ್ಲಿಯೂ ಒಂದೇ ಬಗೆಯಾಗಿ ಉಳಿದುಕೊಂಡಿದೆ.

ಇಂಗ್ಲಿಷಿನಲ್ಲಿ ಈ ಜೋಡಿಪದಗಳು ಇಷ್ಟು ಬಳಕೆಯಲ್ಲಿರುವುದಕ್ಕೂ ಫ್ರೆಂಚಿಗೂ ಸಂಬಂಧವುಂಟು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ ಮತ್ತು ನ್ಯಾಯಾಲಯಗಳ ಮಾತು ಫ್ರೆಂಚ್ ಆಯಿತು. ಹೊಲ ಮತ್ತು ಅಡುಗೆಮನೆಯ ಮಾತು ಇಂಗ್ಲಿಷಾಗಿಯೇ ಉಳಿಯಿತು. ಹೀಗಾಗಿ ಇಂದಿಗೂ ಇಂಗ್ಲಿಷಿನಲ್ಲಿ ಒಂದೊಂದು ಕೆಲಸಕ್ಕೆ ಎರಡೆರಡು ಮಾತುಗಳಿವೆ. ಮನೆಯ ಮಾತು ‘ಗೋ ಡೌನ್’, ಮರ್ಯಾದೆಯ ಮಾತು ‘ಡಿಸೆಂಡ್’. ಮನೆಯ ಮಾತು ‘ಗಿವ್ ಅಪ್’, ಮರ್ಯಾದೆಯ ಮಾತು ‘ಅಬಾಂಡನ್’. ಈ ಎರಡನೆಯ ಸಾಲಿನವು ಅನೇಕ ವೇಳೆ ಫ್ರೆಂಚಿನಿಂದ ಬಂದವು. ಆದುದರಿಂದ ಜೋಡಿಪದವೊಂದು ಎದುರಾದಾಗ ಅದರ ಗಂಭೀರ ರೂಪವನ್ನು ನೆನೆದರೆ ಫ್ರೆಂಚ್ ಪದದ ಬಾಲ ಕೈಗೆ ಸಿಗುವುದುಂಟು: ‘ದೆಸಾಂದ್ರ್’, ‘ಅಬಾಂದೊನೆ’. ಕನ್ನಡದ ಓದುಗರಿಗೆ ಇದು ತಿಳಿದ ಸಂಗತಿಯೇ. ನಮ್ಮಲ್ಲಿಯೂ ಹತ್ತುವುದಕ್ಕೆ ‘ಆರೋಹಣ’, ಇಳಿಯುವುದಕ್ಕೆ ‘ಅವರೋಹಣ’ ಎಂಬ ಸಂಸ್ಕೃತದ ಪೀಠಸ್ಥ ಮಾತುಗಳಿಲ್ಲವೆ?

ಆದರೆ ಈ ಉಪಾಯವನ್ನು ಕಣ್ಣುಮುಚ್ಚಿ ನಂಬಬಾರದು. ಫ್ರೆಂಚಿನ ‘ದಮಾಂದೆ’ ಎಂದರೆ ಕೇಳುವುದು ಅಷ್ಟೆ. ಅದರಲ್ಲಿ ಇಂಗ್ಲಿಷಿನ ‘ಡಿಮ್ಯಾಂಡ್’ನ ಒರಟುತನವಿಲ್ಲ. ‘ಅತಾಂದ್ರ್’ ಎಂದರೆ ಕಾಯುವುದು, ‘ಅಟೆಂಡ್’ ಆಗುವುದಲ್ಲ.

ಕನ್ನಡ ಮನೆಯ ಮಗುವಿಗೆ ನಿಜವಾದ ಆಸ್ತಿಯೆಂದರೆ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದ. ಇಂಗ್ಲಿಷಿನಲ್ಲಿ ಓದಿ ಬಂದವರಿಗೆ ಫ್ರೆಂಚಿನ ‘ಸ’ ಎಂಬ ಆತ್ಮಾರ್ಥಕ ಸರ್ವನಾಮ ದೊಡ್ಡ ತಲೆನೋವು. ಬಟ್ಟೆಯನ್ನೋ ಪಾತ್ರೆಯನ್ನೋ ತೊಳೆದರೆ ‘ಲಾವೆ’. ತನ್ನ ಮೈ ತಾನು ತೊಳೆದುಕೊಂಡರೆ ‘ಸ ಲಾವೆ’. ಇಂಗ್ಲಿಷಿನಲ್ಲಿ ಎರಡಕ್ಕೂ ‘ವಾಷ್’ ಸಾಕು; ಕೈ ಯಾರದೆಂದು ತಿಳಿಸಲು ‘ಮೈ ಹ್ಯಾಂಡ್ಸ್’ ಎನ್ನಬೇಕು. ಫ್ರೆಂಚಿನಲ್ಲಿ ‘ಜ ಮ ಲಾವ್ ಲೆ ಮ್ಯಾಂ’ ಎನ್ನುವಾಗ ‘ನನ್ನ’ ಎಂಬ ಪದವೇ ಇಲ್ಲ. ಊಟಕ್ಕೆ ಕೂಡುವ ಮುನ್ನ ಕನ್ನಡದ ಮಗು ಹೇಳುವುದೇನು? ‘ಕೈ ತೊಳೆದುಕೊಂಡೆ.’ ಅಲ್ಲಿಯೂ ‘ನನ್ನ’ ಇಲ್ಲ. ಕೈ ತನ್ನದೆಂಬುದನ್ನು ‘ಕೊಂಡೆ’ ಹೇಳಿಬಿಡುತ್ತದೆ. ತಮಿಳಿನ ‘ಕೊಳ್’ ಕೂಡ ಇದೇ ಕೆಲಸ ಮಾಡುತ್ತದೆ.

ಹಾಗೆಯೇ ‘ಗೆಟ್ ಡ್ರೆಸ್ಡ್’ ಎಂಬುದು ನಮ್ಮಲ್ಲಿ ಉಟ್ಟುಕೊಳ್ಳುವುದು, ತೊಟ್ಟುಕೊಳ್ಳುವುದು. ಫ್ರೆಂಚಿನಲ್ಲಿ ‘ಸಾಬಿಯೆ’, ಆ ‘ಸಾ’ದಲ್ಲಿ ಅದೇ ‘ಸ’ ಅಡಗಿದೆ. ‘ಲುಕ್ ಆಫ್ಟರ್’ ಎಂಬುದು ನೋಡಿಕೊಳ್ಳುವುದು. ಫ್ರೆಂಚಿನಲ್ಲಿ ‘ಸೊಕ್ಯುಪೆ’, ಅಲ್ಲಿಯೂ ‘ಸ’. ಎಲ್ಲ ‘ಕೊಳ್ಳು’ಗಳೂ ‘ಸ’ ಆಗುವುದಿಲ್ಲ, ಎಲ್ಲ ‘ಸ’ಗಳೂ ‘ಕೊಳ್ಳು’ ಆಗುವುದಿಲ್ಲ. ಉದಾಹರಣೆಗೆ ಏಳುವುದಕ್ಕೆ ಫ್ರೆಂಚಿನಲ್ಲಿ ‘ಸ ಲ್ವೆ’, ನಮ್ಮಲ್ಲಿ ಬರಿಯ ‘ಏಳು’. ಆದರೂ ‘ತನಗೆ ತಾನೇ’ ಎಂಬ ಭಾವ ಕ್ರಿಯಾಪದದೊಳಗೆ ಸೇರಬಲ್ಲದು ಎಂಬ ಅರಿವು ಈ ಮಗುವಿಗೆ ಆಗಲೇ ಇದೆ. ಇಂಗ್ಲಿಷ್ ಮಾತ್ರ ಬಲ್ಲ ಮಗು ಅದನ್ನು ಹೊಸದಾಗಿ ಕಲಿಯಬೇಕು.

ಬಾಲವಿರುವ ಇನ್ನು ಕೆಲವು ಇಂಗ್ಲಿಷ್ ಪದಗಳ ವಿಷಯ ಬೇಗ ಮುಗಿಯುತ್ತದೆ. ‘ಲುಕ್ ಫಾರ್’ ಎಂದರೆ ಹುಡುಕು, ‘ಶೆರ್ಶೆ’. ‘ಲುಕ್ ಅಟ್’ ಎಂದರೆ ನೋಡು, ‘ರೆಗಾರ್ದೆ’. ಕನ್ನಡದಲ್ಲಿ ಕೀಲಿಕೈಯನ್ನು ಹುಡುಕುತ್ತೇವೆ, ಚಿತ್ರವನ್ನು ನೋಡುತ್ತೇವೆ. ನಡುವೆ ಬೇರೆ ಪದ ಬೇಕಿಲ್ಲ. ಫ್ರೆಂಚಿಗೂ ಬೇಕಿಲ್ಲ. ‘ಯು’ ಎಂಬ ಚಿಕ್ಕ ಪದವೂ ಹೀಗೆಯೇ. ಅದನ್ನು ‘ತ್ಯು’ ಎನ್ನಬೇಕೋ ‘ವು’ ಎನ್ನಬೇಕೋ ಎಂದು ಇಂಗ್ಲಿಷ್ ಹೇಳುವುದಿಲ್ಲ. ‘ನೀನು’, ‘ನೀವು’ಗಳನ್ನು ತೂಗಿ ಆಡುವ ಮನೆಯಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾಗಿಯೂ ಇಲ್ಲ. ‘ನೋ’ ಎಂಬ ಕ್ರಿಯಾಪದ ಸ್ವಲ್ಪ ಸೂಕ್ಷ್ಮ. ವಿಷಯ ಗೊತ್ತಿರುವುದು, ಈಜು ಬರುವುದು ‘ಸಾವ್ವಾರ್’. ಮನುಷ್ಯರ ಪರಿಚಯವಿರುವುದು ‘ಕೊನೆತ್ರ್’.

ಮನೆಯ ಮಾತು ದಾರಿ ತಪ್ಪಿಸುವ ಕಡೆಗಳೂ ಇವೆ. ಅವನ್ನು ಮುಚ್ಚಿಡುವುದು ಸರಿಯಲ್ಲ. ನಾವು ಬಸ್ಸಿಗೆ ಕಾಯುತ್ತೇವೆ. ಇಲ್ಲಿ ಕನ್ನಡದ ‘ಗೆ’ಯೂ ಇಂಗ್ಲಿಷಿನ ‘ಫಾರ್’ ಕೂಡ ಒಂದಾಗಿ ನಿಂತು ಫ್ರೆಂಚಿನ ವಿರುದ್ಧ ಸಾಕ್ಷಿ ಹೇಳುತ್ತವೆ. ‘ಅತಾಂದ್ರ್’ಗೆ ಬಸ್ಸು ನೇರ ಕರ್ಮ, ನಡುವೆ ಏನನ್ನು ಸೇರಿಸಿದರೂ ತಪ್ಪು. ಬೆಲೆ ಏರಿದರೆ ‘ಮೋಂತೆ’ ಎನ್ನಬಹುದು. ಬೆಲೆ ಇಳಿದರೆ ‘ದೆಸಾಂದ್ರ್’ಗಿಂತ ‘ಬೆಸೆ’ ಎಂಬುದೇ ರೂಢಿ. ಎಲ್ಲಕ್ಕಿಂತ ಹೆಚ್ಚು ತೊಡಕಿನದು ‘ಕೇಳು’. ಹಾಡು ಕೇಳುತ್ತೇವೆ, ದೂರದಿಂದ ಗಂಟೆಯ ಸದ್ದು ಕೇಳುತ್ತದೆ, ಅಂಗಡಿಯಲ್ಲಿ ಬೆಲೆ ಕೇಳುತ್ತೇವೆ. ಫ್ರೆಂಚಿನಲ್ಲಿ ಇವು ಕ್ರಮವಾಗಿ ‘ಎಕೂತೆ’, ‘ಆಂತಾಂದ್ರ್’, ‘ದಮಾಂದೆ’. ಇಲ್ಲಿ ಇಂಗ್ಲಿಷಿನ ‘ಲಿಸನ್’, ‘ಹಿಯರ್’, ‘ಆಸ್ಕ್’ ಎಂಬ ವಿಂಗಡಣೆಯೇ ವಿದ್ಯಾರ್ಥಿಯನ್ನು ಕಾಯಬೇಕು. ನಾಲ್ಕು ಭಾಷೆ ಬಲ್ಲವನಿಗೆ ಇರುವ ಲಾಭವೇ ಇದು: ಒಂದು ದೀಪ ಆರಿದ ಕಡೆ ಇನ್ನೊಂದು ಉರಿಯುತ್ತಿರುತ್ತದೆ.

ಹನ್ನೊಂದನೆಯ ತರಗತಿಯಲ್ಲಿ ಫ್ರೆಂಚನ್ನು ಆರಿಸಿಕೊಳ್ಳುವುದರಲ್ಲಿ ದೋಷವೇನೂ ಇಲ್ಲ. ಆದರೆ ಕನ್ನಡ ಓದುವ ಅವಕಾಶವಿರುವ ಕಡೆ, ಕೇವಲ ಅಂಕಕ್ಕಾಗಿ ಕನ್ನಡವನ್ನು ಬಿಟ್ಟು ಹೋಗುವುದು ದುಬಾರಿಯಾದ ವ್ಯಾಪಾರ. ಓದುವ ಅವಕಾಶವೇ ಇಲ್ಲದ ಕಂಬಂ, ಪಳನಿ ಕಡೆಯ ಮನೆಗಳಲ್ಲಿ ‘ಪರೀಕ್ಷೆ ಮುಗಿಯುವವರೆಗೆ ಕನ್ನಡ ಬೇಡ, ಇಂಗ್ಲಿಷಿನಲ್ಲೇ ಮಾತಾಡು’ ಎಂದರೆ ಮಗುವಿನ ಕೈಯಲ್ಲಿರುವ ಉಪಕರಣವನ್ನೇ ಕಿತ್ತುಕೊಂಡಂತೆ. ಫ್ರೆಂಚಿನ ಒಂದಕ್ಷರ ಅರಿಯದ ಅಜ್ಜಿಯೂ ಈ ಪಾಠದಲ್ಲಿ ನೆರವಾಗಬಲ್ಲಳು.

ಫ್ರೆಂಚಿನ ಭೂತಕಾಲದಲ್ಲಿ ‘ದೆಸಾಂದ್ರ್’ ಎರಡು ಸಹಾಯಕಗಳನ್ನು ಬಳಸುತ್ತದೆ. ತಾನು ಇಳಿದರೆ ‘ಜ ಸ್ವಿ ದೆಸಾಂದ್ಯು’. ಪೆಟ್ಟಿಗೆಯನ್ನು ಇಳಿಸಿದರೆ ‘ಜೆ ದೆಸಾಂದ್ಯು ಲಾ ವಾಲೀಜ್’. ‘ಸ್ವಿ’ ಯಾವಾಗ, ‘ಜೆ’ ಯಾವಾಗ ಎಂದು ಮಗು ತಡವರಿಸಿದಾಗ ಅಜ್ಜಿ ಕೇಳಬೇಕಾದ ಪ್ರಶ್ನೆ ಒಂದೇ: ‘ನೀನು ಇಳಿದೆಯಾ, ಏನನ್ನಾದರೂ ಇಳಿಸಿದೆಯಾ?’ ಇಳಿದಿದ್ದರೆ ‘ಸ್ವಿ’, ಇಳಿಸಿದ್ದರೆ ‘ಜೆ’. ಮೆಟ್ಟಿಲುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಪಳನಿಯ 693 ಮೆಟ್ಟಿಲುಗಳನ್ನು ತಾನೇ ಹತ್ತಿದ್ದರೂ, ಮೆಟ್ಟಿಲು ಅಲ್ಲಿ ಕರ್ಮವಾಗಿರುವುದರಿಂದ, ಫ್ರೆಂಚಿನಲ್ಲಿ ‘ಜೆ ಮೋಂತೆ ಲೆ ಮಾರ್ಶ್’ ಎಂದೇ ಬರೆಯಬೇಕು.