ಯುದ್ಧ ಮುಗಿದ ಮರುದಿನದ ಕಥೆಗಳು

ಯಕ್ಷಗಾನದಲ್ಲಿ ಗದಾಯುದ್ಧ ಪ್ರಸಂಗ ನೋಡಿದವರಿಗೆ ಗೊತ್ತು. ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಬೆಳಗಾಗಿರುತ್ತದೆ, ನಾವು ಚಾಪೆ ಮಡಚಿ ಮನೆಗೆ ಹೊರಡುತ್ತೇವೆ. ಕುಮಾರವ್ಯಾಸ ಭಾರತವೂ ಗದಾಪರ್ವಕ್ಕೇ ನಿಲ್ಲುತ್ತದೆ. ಆದರೆ ವ್ಯಾಸ ಭಾರತದಲ್ಲಿ ಅದರ ನಂತರದ ಕಥೆಯೂ ಇದೆ. ನೂರು ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರ ಮತ್ತು ಗಾಂಧಾರಿ ಯುದ್ಧದ ನಂತರ 15 ವರ್ಷ ಪಾಂಡವರ ಆಶ್ರಯದಲ್ಲೇ ಇದ್ದರು. ಮಕ್ಕಳನ್ನು ಕೊಂದ ಭೀಮನ ಮನೆಯಲ್ಲೇ ಊಟ. ಕೊನೆಗೆ ಭೀಮನ ಚುಚ್ಚುಮಾತು ತಾಳಲಾರದೆ ಆ ಮುದುಕ ಕಾಡಿಗೆ ಹೊರಟ.

ಅಂತರ್ಯುದ್ಧದ ಕಷ್ಟ ಇರುವುದೇ ಇಲ್ಲಿ. ಹೊರಗಿನ ಶತ್ರು ಸೋತರೆ ತನ್ನ ದೇಶಕ್ಕೆ ವಾಪಸು ಹೋಗುತ್ತಾನೆ. ಅಂತರ್ಯುದ್ಧದಲ್ಲಿ ಗೆದ್ದವರೂ ಸೋತವರೂ ಅದೇ ಊರಲ್ಲಿ, ಕೆಲವೊಮ್ಮೆ ಅದೇ ಸೂರಿನಡಿ ಬದುಕಬೇಕು. ಈ ಬದುಕನ್ನೇ ಮಕ್ಕಳಿಗೆ ಹೇಳುವ ಎರಡು ಅಮೆರಿಕನ್ ಕಾದಂಬರಿಗಳನ್ನು ಇಲ್ಲಿ ಪರಿಚಯಿಸುತ್ತಿದ್ದೇನೆ. ಎರಡಕ್ಕೂ ಮಕ್ಕಳ ಐತಿಹಾಸಿಕ ಕಾದಂಬರಿಗಳಿಗೆ ಕೊಡುವ ಸ್ಕಾಟ್ ಓಡೆಲ್ ಪ್ರಶಸ್ತಿ ಬಂದಿದೆ.

ಮೊದಲು ಸ್ವಲ್ಪ ಹಿನ್ನೆಲೆ. ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕದ ದಕ್ಷಿಣದ 11 ರಾಜ್ಯಗಳು ದೇಶದಿಂದ ಬೇರೆಯಾಗಲು ಹೊರಟವು. 1861ರಿಂದ 1865ರವರೆಗೆ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ನಡೆಯಿತು. ಬಹುಕಾಲದಿಂದ ಹೇಳುತ್ತ ಬಂದ ಲೆಕ್ಕದಂತೆ ಸುಮಾರು 6.2 ಲಕ್ಷ ಸೈನಿಕರು ಸತ್ತರು. ದಕ್ಷಿಣ ಸೋತಿತು, ಗುಲಾಮರು ಬಿಡುಗಡೆಯಾದರು.

ಕ್ಯಾರೊಲಿನ್ ರೀಡರ್ ಬರೆದ 'ಶೇಡ್ಸ್ ಆಫ್ ಗ್ರೇ' 1989ರಲ್ಲಿ ಬಂತು. ವಿಲ್ ಎಂಬ 12 ವರ್ಷದ ಹುಡುಗ ವರ್ಜೀನಿಯಾದವನು, ಸೋತ ಕಡೆಯವನು. ಅಪ್ಪ ಯುದ್ಧದಲ್ಲಿ ಹೋದ, ಅಣ್ಣನೂ ಹೋದ. ತಂಗಿಯರನ್ನು ಕಾಯಿಲೆ ಒಯ್ಯಿತು. ಆ ದುಃಖದಲ್ಲೇ ಅಮ್ಮನೂ ತೀರಿಕೊಂಡಳು. ಅನಾಥನಾದ ಹುಡುಗನನ್ನು ಹಳ್ಳಿಯಲ್ಲಿದ್ದ ಅಮ್ಮನ ಸಹೋದರಿಯ ಮನೆಗೆ ತಂದು ಬಿಡುತ್ತಾರೆ. ಅವಳ ಗಂಡ ಜೆಡ್, ನಮ್ಮ ಲೆಕ್ಕದಲ್ಲಿ ಚಿಕ್ಕಪ್ಪನೋ ದೊಡ್ಡಪ್ಪನೋ ಆಗಬೇಕಾದವನು, ಎರಡು ಸೈನ್ಯಗಳಲ್ಲಿ ಯಾವುದಕ್ಕೂ ಸೇರದೆ ಉಳಿದವನು. ಅಕ್ಕಪಕ್ಕದವರು ಅವನನ್ನು ದೂರ ಇಟ್ಟಿದ್ದಾರೆ. ವಿಲ್‌ನ ಕಣ್ಣಿಗೂ ಅವನು ಹೇಡಿ. ತನ್ನ ಅಪ್ಪ ಪ್ರಾಣ ಕೊಟ್ಟ, ಈತ ಮನೆಯಲ್ಲಿ ಕೂತ. ಈಗ ಈತನದೇ ಅನ್ನ ತಿನ್ನಬೇಕು.

ಅನ್ನವೂ ಹೆಚ್ಚಿಲ್ಲ. ಸೈನ್ಯಗಳು ದನಕರು, ಕಾಳುಕಡಿ ಎಲ್ಲವನ್ನೂ ಒಯ್ದಿವೆ. ಮೊಲಕ್ಕೆ ಉರುಲು ಹಾಕುವುದು, ಬೇಲಿ ಸರಿ ಮಾಡುವುದು, ಸೌದೆ ಒಡೆಯುವುದು, ಕಾದಂಬರಿಯ ತುಂಬ ಇಂಥ ಕೆಲಸಗಳೇ. ವಿಲ್‌ನ ಮನಸ್ಸು ಬದಲಾಗುವುದೂ ಆ ಕೆಲಸಗಳ ನಡುವೆಯೇ. ಜೊತೆಯಲ್ಲಿ ದುಡಿಯುತ್ತ ಅವನು ಆ ಮನುಷ್ಯನನ್ನು ನೋಡುತ್ತಾನೆ. ಊರಿಗೆ ಮರಳುತ್ತಿರುವ ಉತ್ತರದ ಸೈನಿಕನೊಬ್ಬನಿಗೂ ಆ ಮನೆಯಲ್ಲಿ ಉಪಚಾರ ಸಿಗುತ್ತದೆ. ಹುಡುಗನ ಮೈ ಉರಿಯುತ್ತದೆ. ಆಮೇಲೆ ತಿಳಿಯುತ್ತದೆ, ಆತನಿಗೂ ದಾರಿ ಕಾಯುವ ಮನೆಯೊಂದಿದೆ. ಅಪ್ಪನ ಮೇಲಿನ ಗೌರವ ಬಿಡದೆಯೇ ಜೆಡ್‌ನನ್ನೂ ಗೌರವಿಸಬಹುದು ಎಂಬಲ್ಲಿಗೆ ವಿಲ್ ಬರುತ್ತಾನೆ.

ಫಾರ್ಮಸಿಯಲ್ಲಿ ಕೆಲಸ ಮಾಡುವ ನನಗೆ ಆ ತಂಗಿಯರ ಸಾವು ಬೇರೆಯೇ ರೀತಿ ತಟ್ಟಿತು. ಆ ಯುದ್ಧದಲ್ಲಿ ಗುಂಡಿಗಿಂತ ಟೈಫಾಯ್ಡ್, ಭೇದಿ ಮುಂತಾದ ಕಾಯಿಲೆಗಳಿಂದ ಸತ್ತ ಸೈನಿಕರೇ ಹೆಚ್ಚು. ಉತ್ತರದ ನೌಕಾಪಡೆ ಬಂದರುಗಳನ್ನು ಮುಚ್ಚಿದ್ದರಿಂದ ದಕ್ಷಿಣದಲ್ಲಿ ಮಲೇರಿಯಾಕ್ಕೆ ಕ್ವಿನೈನ್ ಕೂಡ ಸಿಗದಾಯಿತು. ಟೈಫಾಯ್ಡ್‌ಗೆ ಕ್ಲೋರಾಂಫೆನಿಕಾಲ್ ಎಂಬ ಸರಿಯಾದ ಔಷಧಿ ಬಂದದ್ದೇ 1948ರಲ್ಲಿ. ಇವತ್ತು ಕೌಂಟರಿನಲ್ಲಿ ಒಂದೆರಡು ಸ್ಟ್ರಿಪ್ ಮಾತ್ರೆ ಕೊಟ್ಟು ಕಳಿಸುವ ಜ್ವರಕ್ಕೆ ಅಂದು ಮನೆಗೆ ಮನೆಯೇ ಖಾಲಿಯಾಗುತ್ತಿತ್ತು. ಯುದ್ಧದ ಲೆಕ್ಕದಲ್ಲಿ ಇಂಥ ಮಕ್ಕಳ ಹೆಸರು ಬರುವುದಿಲ್ಲ.

ಆದರೆ ಈ ಪುಸ್ತಕ ಒಂದನ್ನೇ ಓದಿದರೆ ಸಾಲದು. ಇದು ಬಿಳಿಯ ರೈತ ಕುಟುಂಬದ ಕಥೆ, ಗುಲಾಮಗಿರಿ ಇದರಲ್ಲಿ ಅಂಚಿನಲ್ಲೇ ಉಳಿಯುತ್ತದೆ. ಆ ಕೊರತೆಯನ್ನು ಹ್ಯಾರಿಯೆಟ್ ಗಿಲ್ಲೆಮ್ ರಾಬಿನೆಟ್ 1998ರಲ್ಲಿ ಪ್ರಕಟಿಸಿದ 'ಫಾರ್ಟಿ ಏಕರ್ಸ್ ಆಂಡ್ ಮೇಬಿ ಎ ಮ್ಯೂಲ್' ತುಂಬುತ್ತದೆ. ಇದರ ನಾಯಕ ಪಾಸ್ಕಲ್ ಗುಲಾಮನಾಗಿ ಹುಟ್ಟಿದವನು. ಒಂದು ಕೈ, ಒಂದು ಕಾಲು ಸರಿಯಿಲ್ಲ. ತಾಯಿ ಇಲ್ಲ. ಅಣ್ಣ ಗಿಡಿಯನ್ ಹುಡುಕಿಕೊಂಡು ಬರುತ್ತಾನೆ. ದಾರಿಯಲ್ಲಿ ಸಿಕ್ಕವರೆಲ್ಲ ಸೇರಿ ಒಂದು ಕುಟುಂಬವಾಗುತ್ತದೆ. ಜಾರ್ಜಿಯಾದಲ್ಲಿ 40 ಎಕರೆ ಜಮೀನು ಪಡೆದು ಬೇಸಾಯಕ್ಕೆ ಇಳಿಯುತ್ತಾರೆ.

ಇದು ಬರೀ ಕಲ್ಪನೆಯಲ್ಲ. 1865ರ ಜನವರಿ 16ರಂದು ಜನರಲ್ ಶರ್ಮನ್ ಹೊರಡಿಸಿದ ಆದೇಶದಲ್ಲಿ ಬಿಡುಗಡೆಯಾದ ಕುಟುಂಬಗಳಿಗೆ ದಕ್ಷಿಣದ ಕರಾವಳಿಯಲ್ಲಿ 40 ಎಕರೆವರೆಗೆ ಜಮೀನು ಎಂದಿತ್ತು. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಆ ಜಮೀನನ್ನು ಹಳೆಯ ಮಾಲೀಕರಿಗೇ ಹಿಂತಿರುಗಿಸತೊಡಗಿದರು. ಗುಲಾಮಗಿರಿಯಲ್ಲಿ ಮಾರಾಟವಾಗಿ ಚದುರಿದ ಮಕ್ಕಳನ್ನು, ಹೆಂಡತಿಯನ್ನು ಹುಡುಕಿಕೊಡಿ ಎಂದು ಜನ ಪತ್ರಿಕೆಗಳಲ್ಲಿ ಎಷ್ಟೋ ವರ್ಷ ಪ್ರಕಟಣೆ ಹಾಕಿಸುತ್ತಲೇ ಇದ್ದರು. ವಿಲ್‌ಗೆ ಕಳೆದುಹೋದ ಮನೆಯ ಚಿಂತೆ. ಪಾಸ್ಕಲ್‌ಗೆ ಮೊದಲ ಸಲ ತನ್ನದು ಎನ್ನುವ ಮನೆ ಸಿಕ್ಕಿ, ಅದೂ ಕೈ ತಪ್ಪುವ ಭಯ.

ಅಮೆರಿಕದ ಹಳೆಯ ಕಥೆ ನಮಗೇಕೆ ಎನ್ನಬಹುದು. ಗಲ್ಫ್‌ನಲ್ಲಿ ನಾವು ಯಾರ ಜೊತೆ ಬದುಕುತ್ತಿದ್ದೇವೆ ನೋಡಿ. ಲೆಬನಾನಿನಲ್ಲಿ 1975ರಿಂದ 1990ರವರೆಗೆ, ಶ್ರೀಲಂಕಾದಲ್ಲಿ 1983ರಿಂದ 2009ರವರೆಗೆ ಅಂತರ್ಯುದ್ಧ ನಡೆಯಿತು. ಸಿರಿಯಾ, ಯೆಮನ್ ಕಂಡದ್ದು ನಮಗೆ ಗೊತ್ತು. 2023ರ ಏಪ್ರಿಲ್‌ನಲ್ಲಿ ಸುಡಾನ್ ಹೊತ್ತಿಕೊಂಡಿತು. ಆ ದೇಶಗಳವರು ನಮ್ಮ ಸಹೋದ್ಯೋಗಿಗಳು, ನಮ್ಮ ರೋಗಿಗಳು, ನಮ್ಮ ಕಟ್ಟಡದ ನೆರೆಯವರು. ಸಿಂಹಳ ಮಾತಾಡುವವನೂ ತಮಿಳು ಮಾತಾಡುವವನೂ ಕ್ಯಾಂಪಿನ ಒಂದೇ ಒಲೆಗೆ ಸರದಿ ಕಾಯುತ್ತಾರೆ. ಅವರು ಊರಿನ ವಿಷಯ ಯಾಕೆ ಎತ್ತುವುದಿಲ್ಲ ಎಂಬುದು ಈ ಕಾದಂಬರಿಗಳನ್ನು ಓದಿದವರಿಗೆ ಸ್ವಲ್ಪವಾದರೂ ಹೊಳೆಯುತ್ತದೆ.

ಇನ್ನೊಂದು ಮಾತು. ನಮ್ಮಲ್ಲಿ ಅನೇಕರು ಮಕ್ಕಳನ್ನು ಊರಲ್ಲಿ ಅಜ್ಜಿಮನೆಯಲ್ಲೋ ಮಾವನ ಮನೆಯಲ್ಲೋ ಬಿಟ್ಟು ಬಂದವರು. ಬೇರೆಯವರ ಮನೆಯಲ್ಲಿ ಎರಡನೇ ಸಲ ಅನ್ನ ಕೇಳಲು ಸಂಕೋಚಪಡುವ ವಿಲ್‌ನಂಥ ಹುಡುಗ ಆ ಮಕ್ಕಳಿಗೆ ಬೇಗ ಗೆಳೆಯನಾಗುತ್ತಾನೆ. ಎರಡೂ ಇಂಗ್ಲಿಷ್ ಪುಸ್ತಕಗಳು, ಆರನೇ ಏಳನೇ ಕ್ಲಾಸಿನವರಿಗೆ ಕಷ್ಟವಾಗುವುದಿಲ್ಲ. ಇಂಗ್ಲಿಷ್ ಓದಲು ಬಾರದ ಮಕ್ಕಳಿಗೆ ಶುಕ್ರವಾರದ ವಿಡಿಯೋ ಕಾಲ್‌ನಲ್ಲಿ ಒಂದೊಂದು ಅಧ್ಯಾಯ ಓದಿಕೊಂಡು ಕನ್ನಡದಲ್ಲೇ ಹೇಳಿ. 'ಊಟ ಆಯ್ತಾ, ಓದಿದೆಯಾ' ಎಂಬ ಎರಡು ಪ್ರಶ್ನೆಗಳ ನಂತರ ಮಾತು ಮುಗಿದುಹೋಗುವ ಅಪ್ಪಂದಿರಿಗೆ ಇದರಿಂದ ಮೂರನೆಯದೊಂದು ವಿಷಯ ಸಿಗುತ್ತದೆ.