ಗೈಡ್ ಆಗಿದ್ದವರ ಕೂಟ



ಕಳೆದ ಕೊಯ್ಲಿನಲ್ಲಿ ನಮ್ಮ ಕೊನೆಗಾರ ಮರದಿಂದ ಜಾರಿ ಬಿದ್ದು ಮುಂಗೈ ಮುರಿದುಕೊಂಡ. ನಾವು ಗಂಡಸರೆಲ್ಲ ಜೀಪು, ಡಾಕ್ಟರು ಎಂದು ಕೂಗಾಡುತ್ತಿರುವಾಗ ನಮ್ಮ ಮನೆಯವರು ಎರಡು ಅಡಿಕೆ ದಬ್ಬೆಗೆ ಬಟ್ಟೆ ಸುತ್ತಿ ಕೈಯ ಎರಡೂ ಬದಿಗೆ ಇಟ್ಟು ಕಟ್ಟಿ, ಹಳೆಯ ಸೀರೆಯ ಮುಕ್ಕೋನ ತುಂಡಿನಿಂದ ಕೈಯನ್ನು ಕೊರಳಿಗೆ ಜೋಲಿ ಹಾಕಿದರು. ಹಾಕಿದ್ದು ರೀಫ್ ಗಂಟು. ಅದು ಸಡಿಲಾಗದು, ಬಿಚ್ಚಲು ಸುಲಭ. ಇದನ್ನು ಅವರು ಕಲಿತದ್ದು ಬೀದರಿನ ಶಾಲೆಯಲ್ಲಿ, ಗೈಡ್ ಆಗಿದ್ದಾಗ. ಶಿಬಿರಕ್ಕೆ ಬರುತ್ತಿದ್ದ ಭಾಲ್ಕಿ, ಔರಾದಿನ ಗೆಳತಿಯರು ಈಗ ಸೊಸೆಯಂದಿರಾಗಿ ಎಲ್ಲೆಲ್ಲೋ ಇದ್ದಾರೆ. "ಅಷ್ಟು ವರ್ಷ ಗೈಡ್ ಆಗಿದ್ದು ಈಗ ಯಾವ ಲೆಕ್ಕದಾಗ ಅದ ರೀ?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ವಿಚಾರಿಸಿ ತಿಳಿದದ್ದನ್ನು ಬರೆಯುತ್ತೇನೆ.

ನಮ್ಮ ದೇಶದಲ್ಲಿ ಗೈಡ್ ಚಳವಳಿ ಆರಂಭವಾದದ್ದು 1911ರಲ್ಲಿ, ಜಬಲ್ಪುರದಲ್ಲಿ. 1950ರಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ರಚನೆಯಾಯಿತು. ಮರುವರ್ಷ ಗೈಡ್ ಸಂಸ್ಥೆಯೂ ಅದರಲ್ಲಿ ಸೇರಿತು. ಬುಲ್‌ಬುಲ್, ಗೈಡ್, ಕೊನೆಗೆ ರೇಂಜರ್. ರೇಂಜರ್‌ಗೆ 25 ವರ್ಷವೇ ಮಿತಿ. ಆಮೇಲೆ ಕ್ಯಾಪ್ಟನ್ ಆಗಿ ಶಾಲೆಯ ದಳ ನಡೆಸಬಹುದು. ಆದರೆ ಮನೆ, ಕಣ, ಆಳುಕಾಳು ನೋಡುವವರಿಗೆ ವಾರವಾರ ದಳ ನಡೆಸಲು ಬಿಡುವೆಲ್ಲಿ?

ಇಂಥವರಿಗಾಗಿಯೇ ಇರುವುದು ವಯಸ್ಕರ ಕೂಟ. ಇಂಗ್ಲೆಂಡಿನಲ್ಲಿ 1943ರಲ್ಲಿ ಟ್ರೆಫಾಯಿಲ್ ಗಿಲ್ಡ್ ಹುಟ್ಟಿತು. ಟ್ರೆಫಾಯಿಲ್ ಎಂದರೆ ಗೈಡ್ ಬ್ಯಾಡ್ಜಿನ ಮೂರೆಲೆ. ಪ್ರತಿಜ್ಞೆಯ ಮೂರು ಭಾಗಗಳ ಗುರುತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಲುಸೆರ್ನ್‌ನಲ್ಲಿ ಮಾಜಿ ಸ್ಕೌಟ್ ಮತ್ತು ಗೈಡ್‌ಗಳ ಅಂತರರಾಷ್ಟ್ರೀಯ ಕೂಟವಾಯಿತು. 1996ರಿಂದ ಅದರ ಹೆಸರು ಅಂತರರಾಷ್ಟ್ರೀಯ ಸ್ಕೌಟ್ ಮತ್ತು ಗೈಡ್ ಫೆಲೋಶಿಪ್. ಭಾರತದಲ್ಲಿಯೂ ಫೆಲೋಶಿಪ್ ಇದೆ. ಇಲ್ಲಿ ದಳ ನಡೆಸುವ ಹೊಣೆಯಿಲ್ಲ. ಆಗಾಗ ಸೇರುವುದು, ಮಕ್ಕಳ ಶಿಬಿರಕ್ಕೆ ಕೈಜೋಡಿಸುವುದು, ಊರಿನ ಸೇವೆ, ಪ್ರತಿಜ್ಞೆಯನ್ನು ಮರೆಯದಿರುವುದು, ಇಷ್ಟೇ ಕೆಲಸ. ಬಾಲ್ಯದಲ್ಲಿ ಸಮವಸ್ತ್ರ ತೊಡದವರನ್ನೂ ಸೇರಿಸಿಕೊಳ್ಳುತ್ತಾರೆ. ಇದು ನನಗೆ ತುಂಬ ಹಿಡಿಸಿತು. ನಮ್ಮ ಸಂಘದಲ್ಲಾದರೂ ಷೇರು ಹಣ ಕಟ್ಟದವರನ್ನು ಸೇರಿಸುವ ಹಾಗಿಲ್ಲ!

ಮತ್ತೊಂದು ಚಂದಾ ಬಂತೇ ಎಂದು ಗಾಬರಿಪಡಬೇಡಿ. ನಮ್ಮ ಮನೆಗಳಲ್ಲಿ ಹೀಗೆ ಗೈಡ್ ಆಗಿದ್ದವರು ಎಷ್ಟು ಜನರಿದ್ದಾರೆಂಬುದೇ ನಮಗೆ ಗೊತ್ತಿಲ್ಲ. ಸಂಘದ ಕಚೇರಿಯಲ್ಲಿ, ತೂಕದ ಪುಸ್ತಕದ ಪಕ್ಕದಲ್ಲೇ, ಒಂದು ನೋಟುಪುಸ್ತಕ ಇಡಿಸಿದ್ದೇನೆ. ಹೆಸರು, ಕಲಿತ ಶಾಲೆ, ಪ್ರಥಮ ಚಿಕಿತ್ಸೆ ಬರುವುದೇ ಎಂಬುದನ್ನು ಬರೆಯಲಿ. ಹತ್ತು ಹೆಸರಾದರೆ ಜಿಲ್ಲಾ ಸ್ಕೌಟ್ಸ್ ಗೈಡ್ಸ್ ಕಚೇರಿಗೆ ನಾನೇ ಪತ್ರ ಬರೆಯುತ್ತೇನೆ. ಮೊದಲ ಹೆಸರು ಆಗಲೇ ಬಿದ್ದಿದೆ, ಊರು ಬೀದರ್.

– ಕಾರ್ಯದರ್ಶಿ